ಸರ್ಕಾರಿ ನೆರವಿನ ವೃದ್ಧಾಶ್ರಮ, ಪಾಲನಾ ಗೃಹ: ಕಲಬುರಗಿ, ಬೀದರ್, ಯಾದಗಿರಿಯವರು ಮೊದಲು ಯಾವ ಬಾಗಿಲು ತಟ್ಟಬೇಕು?

‘ಮಗ ಪುಣೆಯಲ್ಲಿದ್ದಾನೆ, ಅವ್ವ ಆಳಂದದ ಹತ್ತಿರ ಹಳ್ಳಿಯಲ್ಲಿ ಒಬ್ಬಳೇ ಇದ್ದಾಳೆ. ಸರ್ಕಾರದ ವೃದ್ಧಾಶ್ರಮದ ನಂಬರ್ ಕೊಡಿ.’ ‘ತಮ್ಮನಿಗೆ ಬುದ್ಧಿ ಬೆಳೆದಿಲ್ಲ, ವಯಸ್ಸು ಮೂವತ್ತು ದಾಟಿತು. ಅಪ್ಪ ಅಮ್ಮನಿಗೆ ಈಗ ಕೈಲಾಗುವುದಿಲ್ಲ. ಎಲ್ಲಿ ಬಿಡಬೇಕು?’ ಇಂಥ ಪ್ರಶ್ನೆಗಳು ಒಂದರ ಮೇಲೊಂದು ಬರುತ್ತಲೇ ಇವೆ. ಕೇಳುವವರೆಲ್ಲರೂ ಒಂದು ಫೋನ್ ನಂಬರ್ ಸಿಕ್ಕರೆ ಕೆಲಸ ಮುಗಿಯಿತು ಎಂದುಕೊಂಡಿರುತ್ತಾರೆ. ನಂಬರಿನಿಂದ ಜಾಗ ಸಿಗುವುದಿಲ್ಲ. ಕಾಗದಗಳು ಸರಿಯಾದ ಕ್ರಮದಲ್ಲಿ ಸರಿಯಾದ ಮೇಜಿಗೆ ಹೋದರೆ ಸಿಗುತ್ತದೆ. ಆ ಕ್ರಮವನ್ನು ಇಲ್ಲಿ ಹೇಳುತ್ತೇನೆ.

ತುರ್ತು ಇದ್ದವರು ಮಾತ್ರ ಇದನ್ನು ಮೊದಲು ಓದಿ. ಹಿರಿಯರನ್ನು ಹೊಡೆಯುತ್ತಿದ್ದರೆ, ಮನೆಯಿಂದ ಹೊರಹಾಕಿದ್ದರೆ, ಬಸ್ ನಿಲ್ದಾಣದಲ್ಲೋ ಆಸ್ಪತ್ರೆಯಲ್ಲೋ ಬಿಟ್ಟು ಹೋಗಿದ್ದರೆ 14567ಕ್ಕೆ ಕರೆ ಮಾಡಿ. ಇದು ಹಿರಿಯರ ರಾಷ್ಟ್ರೀಯ ಸಹಾಯವಾಣಿ, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಇರುತ್ತದೆ. ಪ್ರಾಣಾಪಾಯವಿದ್ದರೆ 112. ಮಾನಸಿಕ ಅಸ್ವಸ್ಥತೆ ಇದ್ದರೆ ಟೆಲಿ ಮಾನಸ್ 14416. ಉಳಿದವರು ಮುಂದೆ ಓದಬಹುದು.

ಏನನ್ನು ನಿರೀಕ್ಷಿಸಬೇಕು?

ಬೆಂಗಳೂರಿನ ಜಾಹೀರಾತುಗಳಲ್ಲಿ ಕಾಣುವ, ತಿಂಗಳಿಗೆ ಹತ್ತಾರು ಸಾವಿರ ಕೊಟ್ಟು ಇರುವ ಹಿರಿಯರ ನಿವಾಸಗಳಿಗೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಸರ್ಕಾರ ಹೆಚ್ಚಾಗಿ ತಾನೇ ಮನೆ ನಡೆಸುವುದಿಲ್ಲ. ನೋಂದಾಯಿತ ಸ್ವಯಂಸೇವಾ ಸಂಸ್ಥೆಗೆ ಅನುದಾನ ಕೊಡುತ್ತದೆ, ಸಂಸ್ಥೆ ನಡೆಸುತ್ತದೆ. ರಾಜ್ಯದಲ್ಲಿ ಈ ಅನುದಾನ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಮೂಲಕ ಹರಿಯುತ್ತದೆ. ಕೇಂದ್ರದ ಅಟಲ್ ವಯೋ ಅಭ್ಯುದಯ ಯೋಜನೆಯಲ್ಲಿಯೂ 25 ನಿರ್ಗತಿಕ ಹಿರಿಯರ ಮನೆ, 50 ವೃದ್ಧೆಯರ ಮನೆ, ಹಾಸಿಗೆ ಹಿಡಿದವರ ಮತ್ತು ಮರೆಗುಳಿ ಕಾಯಿಲೆಯವರ ನಿರಂತರ ಆರೈಕೆ ಮನೆ ಎಂದು ಬೇರೆ ಬೇರೆ ವಿಧಗಳಿವೆ. ಇಲ್ಲೆಲ್ಲ ಊಟ, ವಸತಿ, ಔಷಧ ಉಚಿತ.

ಇದರಲ್ಲಿ ‘ನಿರ್ಗತಿಕ’ ಎಂಬುದನ್ನು ಗಮನಿಸಿ. ತನ್ನ ಹೊಟ್ಟೆಬಟ್ಟೆ ನೋಡಿಕೊಳ್ಳಲು ಸಾಕಷ್ಟು ಆದಾಯವಿಲ್ಲದ, ನೋಡಿಕೊಳ್ಳುವವರೂ ಇಲ್ಲದ 60 ದಾಟಿದವರಿಗಾಗಿ ಇರುವ ಜಾಗಗಳು ಇವು. ಪುಣೆಯಲ್ಲಿ ಕೆಲಸವಿರುವ ಮಗನಿದ್ದರೆ ಮೊದಲ ಪ್ರಶ್ನೆಯೇ ‘ಮಗ ಯಾಕೆ ನೋಡಿಕೊಳ್ಳುತ್ತಿಲ್ಲ?’ ಎಂಬುದಾಗಿರುತ್ತದೆ. ಅದಕ್ಕೆ ಉತ್ತರ ಹಂತ 4ರಲ್ಲಿದೆ.

2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯ 19ನೇ ಕಲಂ, ಪ್ರತಿ ಜಿಲ್ಲೆಗೆ ಕನಿಷ್ಠ ಒಂದರಂತೆ, 150 ಜನ ಹಿಡಿಸುವ ವೃದ್ಧಾಶ್ರಮಗಳ ಮಾತಾಡುತ್ತದೆ. ಆದರೆ ಸರ್ಕಾರ ಅವನ್ನು ‘ಸ್ಥಾಪಿಸಬಹುದು’ ಎಂದಿದೆ, ‘ಸ್ಥಾಪಿಸತಕ್ಕದ್ದು’ ಎಂದಿಲ್ಲ. ಹಾಗಾಗಿ ಕಾಯ್ದೆಯ ಪ್ರತಿ ಹಿಡಿದು ‘ನಮ್ಮ ಜಿಲ್ಲೆಯ 150 ಹಾಸಿಗೆ ಎಲ್ಲಿ?’ ಎಂದು ಕೌಂಟರಿನಲ್ಲಿ ಜಗಳಕ್ಕಿಳಿದರೆ ಸಮಯ ಹಾಳು. ಆ ಜಗಳ ನ್ಯಾಯವಾದದ್ದೇ, ಆದರೆ ಅದು ಶಾಸಕರ ಜೊತೆ ಆಡಬೇಕಾದದ್ದು.

ಹಂತ 1: ನಿಮ್ಮದು ಯಾವ ದಾರಿ ಎಂದು ತೀರ್ಮಾನಿಸಿ

60 ದಾಟಿದವರು, ಓಡಾಡಿಕೊಂಡಿರುವವರು: ಸಾಮಾನ್ಯ ವೃದ್ಧಾಶ್ರಮ. ಹಾಸಿಗೆ ಹಿಡಿದವರು, ಮರೆವಿನ ಕಾಯಿಲೆಯವರು: ನಿರಂತರ ಆರೈಕೆಯ ಮನೆ. ಸಾಮಾನ್ಯ ವೃದ್ಧಾಶ್ರಮಗಳು ಎದ್ದು ಕೂರಲಾಗದವರನ್ನು ಸೇರಿಸಿಕೊಳ್ಳಲು ಹಿಂಜರಿಯುತ್ತವೆ, ಏಕೆಂದರೆ ರಾತ್ರಿ ಪಾಳಿಗೆ ಮೈ ತೊಳೆಸುವವರು ಅಲ್ಲಿ ಇರುವುದಿಲ್ಲ. ಇದನ್ನು ಮುಚ್ಚಿಟ್ಟು ಸೇರಿಸಿದರೆ ವಾರದೊಳಗೆ ‘ಕರೆದುಕೊಂಡು ಹೋಗಿ’ ಎಂಬ ಫೋನ್ ಬರುತ್ತದೆ.

18 ದಾಟಿದ, ಬೌದ್ಧಿಕ ಅಂಗವೈಕಲ್ಯ, ಆಟಿಸಂ, ಮೆದುಳು ಪಾರ್ಶ್ವವಾಯು (ಸೆರೆಬ್ರಲ್ ಪಾಲ್ಸಿ) ಅಥವಾ ಬಹುವಿಧ ಅಂಗವೈಕಲ್ಯ ಇರುವವರು: ರಾಷ್ಟ್ರೀಯ ನ್ಯಾಸದ ದಾರಿ. ನ್ಯಾಷನಲ್ ಟ್ರಸ್ಟ್ ಎಂದು ಕರೆಯುವ ಈ ಸಂಸ್ಥೆ 1999ರ ಕಾಯ್ದೆಯಿಂದ ಹುಟ್ಟಿದ್ದು. ಅದರ ‘ಸಮರ್ಥ್-ಕಮ್-ಘರೌಂದಾ’ ವಸತಿ ಆರೈಕೆಯ ಯೋಜನೆ. 18ರ ಒಳಗಿನವರ ವಿಷಯವೇ ಬೇರೆ. ಅವರು ಮಕ್ಕಳ ಕಲ್ಯಾಣ ಸಮಿತಿಯ ವ್ಯಾಪ್ತಿಗೆ ಬರುತ್ತಾರೆ, 1098ಕ್ಕೆ ಕರೆ ಮಾಡಿ.

ಇನ್ನೊಂದು ದಾರಿಯಿದೆ, ಅದನ್ನು ಯಾರೂ ಕೇಳುವುದೇ ಇಲ್ಲ: ಮನೆಯಲ್ಲೇ ಇರುವುದು. ಎಷ್ಟೋ ಮನೆಗಳಲ್ಲಿ ಬೇಕಿರುವುದು ಆಶ್ರಮವಲ್ಲ, ಒಂದು ಗಾಲಿಕುರ್ಚಿ, ಒಂದು ಶ್ರವಣ ಸಾಧನ ಮತ್ತು ನಿಯಮಿತವಾಗಿ ಬರುವ ಪಗಾರ, ಅಂದರೆ ಪಿಂಚಣಿ. ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬದ ಅಥವಾ ತಿಂಗಳ ಆದಾಯ 15,000 ರೂಪಾಯಿ ಮೀರದ ಹಿರಿಯರಿಗೆ ಊರುಗೋಲು, ಗಾಲಿಕುರ್ಚಿ, ಶ್ರವಣ ಸಾಧನ, ಹಲ್ಲಿನ ಸೆಟ್ಟು ಉಚಿತವಾಗಿ ಸಿಗುತ್ತವೆ. ಆದರೆ ಅವು ಶಿಬಿರಗಳಲ್ಲಿ ಸಿಗುತ್ತವೆ. ಶಿಬಿರ ಯಾವಾಗ ಎಂದು ಹಂತ 3ರಲ್ಲಿ ಹೇಳಿರುವ ಪುನರ್ವಸತಿ ಕಾರ್ಯಕರ್ತರನ್ನೇ ಕೇಳಬೇಕು. ಮತ್ತೆ, ಅವ್ವನನ್ನೂ ಒಂದು ಮಾತು ಕೇಳಿ. ಅವಳ ಒಪ್ಪಿಗೆಯಿಲ್ಲದೆ ಸೇರಿಸುವುದು ಕಾನೂನಿನಲ್ಲೂ ಸರಿಯಲ್ಲ, ನಡೆಯುವುದೂ ಇಲ್ಲ.

ಹಂತ 2: ಕಾಗದ ಸೇರಿಸಿ

ಹೆಚ್ಚಿನ ಅರ್ಜಿಗಳು ಸಾಯುವುದು ಇಲ್ಲಿ. ಬೇಕಾಗುವವು: ಆಧಾರ್, ಪಡಿತರ ಚೀಟಿ, ಹಿರಿಯರ ಹೆಸರಿನಲ್ಲಿರುವ ಆದಾಯ ಪ್ರಮಾಣಪತ್ರ, ವಯಸ್ಸಿನ ದಾಖಲೆ, ಸರ್ಕಾರಿ ವೈದ್ಯರ ಆರೋಗ್ಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್, ಭಾವಚಿತ್ರಗಳು. ಅಂಗವೈಕಲ್ಯ ಇದ್ದರೆ ಅದರ ಗುರುತಿನ ಚೀಟಿಯಾದ ಯು.ಡಿ.ಐ.ಡಿ. ಕಾರ್ಡ್ (ವಿವರ ಕೆಳಗಿದೆ). ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಹಳ್ಳಿಯಲ್ಲಿದ್ದರೆ ಗ್ರಾಮ ಒನ್ ಕೇಂದ್ರದಿಂದಲೂ ಅರ್ಜಿ ಹಾಕಬಹುದು. ಪ್ರಮಾಣಪತ್ರ ಮಗನ ಹೆಸರಿಗಾಗದಂತೆ ನೋಡಿಕೊಳ್ಳಿ.

ನಮ್ಮ ಭಾಗದ ಹಿರಿಯರ ಕಾಗದಗಳಿಗೆ ನಮ್ಮದೇ ಆದ ಕಿರಿಕಿರಿಗಳಿವೆ. ಹಳೆಯ ಶಾಲಾ ದಾಖಲೆ ಉರ್ದುವಿನಲ್ಲೋ, ಬೀದರಿನ ಗಡಿ ಹಳ್ಳಿಗಳಲ್ಲಾದರೆ ಮರಾಠಿಯಲ್ಲೋ ಇರುತ್ತದೆ. ಅದು ಕನ್ನಡಕ್ಕೆ ಬರುವಾಗ ಒಂದು ಕಡೆ ‘ಶರಣಮ್ಮ’, ಇನ್ನೊಂದು ಕಡೆ ‘ಶರಣವ್ವ’, ಆಧಾರ್‌ನಲ್ಲಿ ಗಂಡನ ಹೆಸರಿನ ಬದಲು ತಂದೆಯ ಹೆಸರು. ಯಾದಗಿರಿ ಜಿಲ್ಲೆಯಾದದ್ದು 2009ರ ಡಿಸೆಂಬರ್‌ನಲ್ಲಿ. ಶಹಾಪುರ, ಸುರಪುರ ಕಡೆಯವರ ಹಳೆಯ ಕಾಗದಗಳಲ್ಲಿ ಇಂದಿಗೂ ‘ಗುಲಬರ್ಗಾ ಜಿಲ್ಲೆ’ ಎಂದೇ ಇರುತ್ತದೆ. ಊರಿನ ಹೆಸರು ಬದಲಾದದ್ದಕ್ಕೆ ಯಾರೂ ತಕರಾರು ತೆಗೆಯುವುದಿಲ್ಲ. ಆದರೆ ವ್ಯಕ್ತಿಯ ಹೆಸರು, ವಯಸ್ಸು ಎರಡು ಕಡೆ ಎರಡು ತೆರನಾಗಿದ್ದರೆ ಕಡತ ವಾಪಸು ಬರುತ್ತದೆ. ಆದ್ದರಿಂದ ಎಲ್ಲ ಕಾಗದಗಳನ್ನೂ ಮೇಜಿನ ಮೇಲೆ ಹರಡಿ, ಹೆಸರು ಮತ್ತು ಹುಟ್ಟಿದ ವರ್ಷವನ್ನು ಒಂದರ ಪಕ್ಕ ಒಂದು ಇಟ್ಟು ಓದಿ. ತಾಳೆಯಾಗದಿದ್ದರೆ ಮೊದಲು ಆಧಾರ್ ತಿದ್ದಿಸಿ, ಉಳಿದದ್ದು ಆಮೇಲೆ.

ಇನ್ನೊಂದು ತೊಂದರೆ ಬೆರಳಚ್ಚಿನದು. ಜೀವಮಾನವೆಲ್ಲ ತೊಗರಿ ಕೊಯ್ದ, ಹತ್ತಿ ಬಿಡಿಸಿದ ಕೈಗಳ ಗೆರೆ ಸವೆದಿರುತ್ತದೆ. ಯಂತ್ರ ಒಪ್ಪುವುದಿಲ್ಲ, ಕೌಂಟರಿನವರು ‘ನಾಳೆ ಬಾ ಅಜ್ಜಿ’ ಎನ್ನುತ್ತಾರೆ. ನಾಳೆ ಬಂದರೂ ಬೆರಳು ಅದೇ. ಕಣ್ಣಿನ ಪಾಪೆಯ ಗುರುತು ತೆಗೆಯುವಂತೆ ಕೇಳಿ, ಆಧಾರ್‌ನಲ್ಲಿ ಅದಕ್ಕೆ ಅವಕಾಶವಿದೆ.

ಯು.ಡಿ.ಐ.ಡಿ. ಎಂದರೆ ಅಂಗವೈಕಲ್ಯದ ರಾಷ್ಟ್ರೀಯ ಗುರುತಿನ ಚೀಟಿ. ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಿದ ಮೇಲೆ ವೈದ್ಯಕೀಯ ತಪಾಸಣೆ ನಡೆಯುತ್ತದೆ. ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಗಳು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ, ಸೌಲಭ್ಯಗಳಿಗೆ ಸಾಮಾನ್ಯವಾಗಿ ಶೇ 40 ಅಥವಾ ಅದಕ್ಕಿಂತ ಹೆಚ್ಚು ಇರಬೇಕು. ಕಿವಿ, ಕಣ್ಣು, ಮೂಳೆ, ಮನಸ್ಸು ಎಂದು ಬೇರೆ ಬೇರೆ ತಜ್ಞರು ನೋಡುವುದರಿಂದ, ನಿಮ್ಮ ವಿಭಾಗದ ತಜ್ಞರು ಯಾವ ದಿನ ಕೂರುತ್ತಾರೆ ಎಂದು ತಿಳಿದುಕೊಂಡೇ ಹೊರಡಿ. ಹುಣಸಗಿಯಿಂದಲೋ ಔರಾದಿನಿಂದಲೋ ಹಾಸಿಗೆ ಹಿಡಿದವರನ್ನು ಜೀಪು ಮಾಡಿಕೊಂಡು ಕರೆತಂದು ‘ಇವತ್ತು ಡಾಕ್ಟರ್ ಇಲ್ಲ’ ಎಂದು ಕೇಳಿಸಿಕೊಳ್ಳುವುದು ಬೇಡ.

ಪಗಾರವನ್ನೂ ಈಗಲೇ ಮಾಡಿಸಿ. 65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ 1,200 ರೂಪಾಯಿ ಬರುತ್ತದೆ. ಅರ್ಜಿ ನಾಡಕಚೇರಿಯಲ್ಲಿ. ಎರಡು ಸಾಮಾಜಿಕ ಭದ್ರತಾ ಪಿಂಚಣಿಗಳನ್ನು ಒಟ್ಟಿಗೆ ಪಡೆಯುವಂತಿಲ್ಲ. ಹಾಗಾಗಿ ಅಂಗವೈಕಲ್ಯವೂ ವಯಸ್ಸೂ ಎರಡೂ ಇದ್ದರೆ ಯಾವುದರಲ್ಲಿ ಹೆಚ್ಚು ಬರುತ್ತದೆ ಎಂದು ಕೇಳಿ, ಒಂದನ್ನು ಆರಿಸಿ. ‘ಎರಡೂ ಮಾಡಿಸಿಕೊಡುತ್ತೇನೆ, ಖರ್ಚು ಕೊಡಿ’ ಎನ್ನುವ ದಲ್ಲಾಳಿ ತಹಶೀಲ್ದಾರ್ ಕಚೇರಿಯ ಚಹಾದಂಗಡಿಯಲ್ಲಿ ಸಿಕ್ಕೇ ಸಿಗುತ್ತಾನೆ. ಅವನ ಮಾತು ಕೇಳಿದರೆ ಮುಂದೊಂದು ದಿನ ಎರಡೂ ನಿಲ್ಲುತ್ತವೆ.

ಹಂತ 3: ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ

ಗ್ರಾಮ ಪಂಚಾಯಿತಿಯಲ್ಲಿ ‘ವಿ.ಆರ್.ಡಬ್ಲ್ಯು.’ ಎಂದು ಎಲ್ಲರೂ ಕರೆಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿರುತ್ತಾರೆ. ತಾಲ್ಲೂಕಿಗೆ ಒಬ್ಬರು ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಪಟ್ಟಣಗಳಲ್ಲಿ ನಗರ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಇವರು ದೊಡ್ಡ ಅಧಿಕಾರಿಗಳಲ್ಲ, ಗೌರವಧನಕ್ಕೆ ದುಡಿಯುವವರು, ಅನೇಕರು ಸ್ವತಃ ಅಂಗವಿಕಲರು. ಆದರೆ ಯಾವ ಮನೆಯಲ್ಲಿ ಜಾಗ ಖಾಲಿಯಿದೆ, ಯಾವ ಫಾರಂ ಬದಲಾಗಿದೆ, ಶಿಬಿರ ಯಾವಾಗ ಎಂಬುದು ಇವರಿಗೆ ಗೊತ್ತಿರುವಷ್ಟು ಮೇಲಿನವರಿಗೆ ಗೊತ್ತಿರುವುದಿಲ್ಲ. ಮೊದಲ ಬಾಗಿಲು ಇವರದೇ.

ಅರ್ಜಿ ಹೋಗಬೇಕಾದದ್ದು ಜಿಲ್ಲಾ ಕೇಂದ್ರದಲ್ಲಿರುವ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗೆ. ಹೆಸರಿನಲ್ಲಿ ವಿಕಲಚೇತನರು ಎಂದಿದ್ದರೂ ಹಿರಿಯ ನಾಗರಿಕರ ಕೆಲಸವೂ ಅಲ್ಲಿಯದೇ. ಮೂರು ವಿಷಯ ಬರೆದು ಕೇಳಿ: ಜಿಲ್ಲೆಯಲ್ಲಿ ಅನುದಾನ ಪಡೆಯುವ ಮನೆಗಳು ಯಾವುವು, ಒಂದೊಂದರಲ್ಲಿ ಎಷ್ಟು ಜಾಗ ಮಂಜೂರಾಗಿದೆ, ಈಗ ಎಷ್ಟು ಖಾಲಿ ಇದೆ. ನಮ್ಮ ಜಿಲ್ಲೆಯಲ್ಲಿ ತುಂಬಿದ್ದರೆ ಪಕ್ಕದ ಜಿಲ್ಲೆಗೆ ಶಿಫಾರಸು ಪತ್ರ ಕೇಳಿ. ಚಿಂಚೋಳಿಯವರಿಗೆ ಬೀದರ್ ಏನೂ ದೂರವಲ್ಲ.

ಬಾಯಿಮಾತಿನ ‘ಆಯ್ತು, ನೋಡೋಣ’ಕ್ಕೆ ಬೆಲೆಯಿಲ್ಲ. ಅರ್ಜಿಯ ಎರಡನೇ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ 1902ಕ್ಕೆ, ಅಂದರೆ ಜನಸ್ಪಂದನ ಸಹಾಯವಾಣಿಗೆ ದೂರು ಕೊಡಿ. ಪಟ್ಟಿಯನ್ನೇ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ, ಬಿ.ಪಿ.ಎಲ್. ಇದ್ದರೆ ಅದೂ ಇಲ್ಲ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು. ಮನಸ್ಸಿನ ಸಿಟ್ಟನ್ನೆಲ್ಲ ಅದರಲ್ಲಿ ಬರೆದರೆ ತಿರಸ್ಕರಿಸಲು ನೆಪ ನೀವೇ ಕೊಟ್ಟಂತೆ.

ಒಂದು ಎಚ್ಚರಿಕೆ. ಅರ್ಜಿ ಕೊಡುವ ಮೊದಲೇ ಹಿರಿಯರನ್ನು ಆಟೋದಲ್ಲಿ ಕೂರಿಸಿಕೊಂಡು ನೇರವಾಗಿ ಆಶ್ರಮದ ಗೇಟಿಗೆ ಹೋಗಬೇಡಿ. ನಿರಾಶ್ರಿತರ ಪರಿಹಾರ ಕೇಂದ್ರ, ನಗರ ವಸತಿರಹಿತರ ಆಶ್ರಯ ಕೇಂದ್ರ, ವೃದ್ಧಾಶ್ರಮ ಈ ಮೂರೂ ಬೇರೆ ಬೇರೆ. ಮೊದಲನೆಯದು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ನಡೆಯುವಂಥದ್ದು, ಎರಡನೆಯದು ಪಟ್ಟಣದಲ್ಲಿ ತಲೆಯ ಮೇಲೆ ಸೂರಿಲ್ಲದವರಿಗೆ. ಅವಸರದಲ್ಲಿ ಅಲ್ಲಿ ಬಿಟ್ಟರೆ ಹಿರಿಯರಿಗೆ ಸಿಗಬೇಕಾದ ಆರೈಕೆ ಸಿಗುವುದಿಲ್ಲ.

ಹಂತ 4: ಮಕ್ಕಳಿದ್ದೂ ನೋಡಿಕೊಳ್ಳದಿದ್ದರೆ ಎ.ಸಿ. ಕಚೇರಿಗೆ

2007ರ ಕಾಯ್ದೆಯ ಪ್ರಕಾರ ಉಪವಿಭಾಗಾಧಿಕಾರಿ, ಅಂದರೆ ಎ.ಸಿ., ಪೋಷಣಾ ನ್ಯಾಯಮಂಡಳಿಯ ಅಧ್ಯಕ್ಷರು. ಕಲಬುರಗಿ ಜಿಲ್ಲೆಯಲ್ಲಿ ಕಲಬುರಗಿ ಮತ್ತು ಸೇಡಂ, ಬೀದರಿನಲ್ಲಿ ಬೀದರ್ ಮತ್ತು ಬಸವಕಲ್ಯಾಣ, ಯಾದಗಿರಿಯಲ್ಲಿ ಯಾದಗಿರಿ ಉಪವಿಭಾಗಗಳಿವೆ. ಚಿತ್ತಾಪುರ, ಚಿಂಚೋಳಿಯವರು ಸೇಡಂಗೆ ಹೋಗಬೇಕು, ಕಲಬುರಗಿಗಲ್ಲ.

ಹಿರಿಯರು ತಾವೇ ಅರ್ಜಿ ಕೊಡಬಹುದು, ಆಗದಿದ್ದರೆ ಅವರು ಒಪ್ಪಿದ ಬೇರೆಯವರೋ ಸಂಸ್ಥೆಯೋ ಕೊಡಬಹುದು. ಮಗ ಪುಣೆಯಲ್ಲೋ ಹೈದರಾಬಾದಿನಲ್ಲೋ ಇದ್ದರೂ ಹಿರಿಯರು ವಾಸಿಸುವ ಊರಿನ ಎ.ಸಿ. ಕಚೇರಿಯಲ್ಲೇ ಅರ್ಜಿ ಹಾಕಬಹುದು, ಅಲೆಯಬೇಕಾದದ್ದು ಮಗ. ಪ್ರತಿವಾದಿಗಳಾಗಿ ಮಗ, ಮಗಳು, ಪ್ರಾಯಕ್ಕೆ ಬಂದ ಮೊಮ್ಮಕ್ಕಳನ್ನು ಹೆಸರಿಸಬಹುದು. ಸೊಸೆ, ಅಳಿಯ ಇದರಲ್ಲಿ ಬರುವುದಿಲ್ಲ. ಬಹಳ ಅರ್ಜಿಗಳು ಸೊಸೆಯ ಮೇಲಿನ ದೂರಿನಿಂದಲೇ ಶುರುವಾಗುತ್ತವೆ, ಅದು ಅರ್ಜಿಯ ಬಲ ಕುಗ್ಗಿಸುತ್ತದೆ. ಮಕ್ಕಳಿಲ್ಲದವರು ತಮ್ಮ ಆಸ್ತಿ ಅನುಭವಿಸುತ್ತಿರುವ ಅಥವಾ ಮುಂದೆ ಪಡೆಯಲಿರುವ ಸಂಬಂಧಿಕರ ಮೇಲೆ ಹಾಕಬಹುದು.

ಮೊದಲು ರಾಜಿ ಮಾತುಕತೆ, ಆಗದಿದ್ದರೆ ಆದೇಶ. ನೋಟಿಸ್ ತಲುಪಿದ 90 ದಿನಗಳಲ್ಲಿ ತೀರ್ಮಾನವಾಗಬೇಕು, ವಿಶೇಷ ಸಂದರ್ಭದಲ್ಲಿ ಒಮ್ಮೆ 30 ದಿನ ವಿಸ್ತರಿಸಬಹುದು. ಆ ನಡುವೆ ಮಧ್ಯಂತರ ಜೀವನಾಂಶ ಕೇಳಲು ಮರೆಯಬೇಡಿ, ಕೇಳದಿದ್ದರೆ ಯಾರೂ ಕೊಡುವುದಿಲ್ಲ. ತಿಂಗಳಿಗೆ ಗರಿಷ್ಠ 10,000 ರೂಪಾಯಿವರೆಗೆ ಆದೇಶಿಸಬಹುದು. ಆದೇಶವಾದ ಮೇಲೂ ಹಣ ಬಾರದಿದ್ದರೆ, ಕೊಡಬೇಕಾದ ದಿನದಿಂದ ಮೂರು ತಿಂಗಳೊಳಗೆ ಮತ್ತೆ ನ್ಯಾಯಮಂಡಳಿಗೆ ಹೋಗಬೇಕು. ಸುಮ್ಮನೆ ಕಾದರೆ ಆ ಬಾಕಿಯ ವಸೂಲಿ ಕೈತಪ್ಪುತ್ತದೆ. ಆದೇಶ ಒಪ್ಪಿಗೆಯಾಗದಿದ್ದರೆ 60 ದಿನಗಳಲ್ಲಿ ಜಿಲ್ಲಾಧಿಕಾರಿಗೆ ಮೇಲ್ಮನವಿ. ಇಷ್ಟಕ್ಕೆ ವಕೀಲರು ಬೇಕಿಲ್ಲ. ಬರೆಯಲು ನೆರವು ಬೇಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ಸಹಾಯವಾಣಿ 15100.

ಹೊಲ, ಮನೆ ಬರೆದುಕೊಟ್ಟವರು ಇದನ್ನು ಎರಡು ಸಲ ಓದಿ. ‘ನನ್ನನ್ನು ನೋಡಿಕೊಳ್ಳಬೇಕು’ ಎಂಬ ಷರತ್ತಿನ ಮೇಲೆ ದಾನಪತ್ರ ಮಾಡಿಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ, 23ನೇ ಕಲಂ ಪ್ರಕಾರ ನ್ಯಾಯಮಂಡಳಿ ಆ ಪತ್ರವನ್ನು ರದ್ದುಪಡಿಸಬಹುದು. ಸ್ವಾಧೀನ ವಾಪಸು ಕೊಡಿಸುವ ಅಧಿಕಾರವೂ ನ್ಯಾಯಮಂಡಳಿಗಿದೆ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ಆದರೆ ಷರತ್ತು ಪತ್ರದಲ್ಲಿ ಇಲ್ಲದಿದ್ದರೆ ಸಾಬೀತು ಕಷ್ಟ. ಇನ್ನೂ ಬರೆದುಕೊಡದವರು ಆ ಒಂದು ಸಾಲು ಸೇರಿಸದೆ ಉಪನೋಂದಣಾಧಿಕಾರಿಯ ಮುಂದೆ ಹೆಬ್ಬೆಟ್ಟು ಒತ್ತಬೇಡಿ. ಉಯಿಲು ಬರೆದಿದ್ದರೆ ಚಿಂತೆಯಿಲ್ಲ, ಬದುಕಿರುವವರೆಗೆ ಯಾವಾಗ ಬೇಕಾದರೂ ಬದಲಿಸಬಹುದು.

ಹಿರಿಯರನ್ನು ಶಾಶ್ವತವಾಗಿ ತೊರೆಯುವ ಉದ್ದೇಶದಿಂದ ಎಲ್ಲಾದರೂ ಬಿಟ್ಟುಹೋಗುವುದು 24ನೇ ಕಲಂ ಅಡಿ ಅಪರಾಧ. ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಆಸ್ಪತ್ರೆಗೆ ಸೇರಿಸಿ ತಪ್ಪು ವಿಳಾಸ ಕೊಟ್ಟು ಹೋಗುವವರಿಗೂ ಇದು ಅನ್ವಯಿಸುತ್ತದೆ.

ಹಂತ 5: 18 ದಾಟಿದ ಬೌದ್ಧಿಕ ಅಂಗವೈಕಲ್ಯದವರಿಗೆ ಪಾಲಕತ್ವ ಪತ್ರ

ಮಗ ಎಷ್ಟೇ ದೊಡ್ಡವನಾದರೂ ತಂದೆತಾಯಿಯೇ ಪಾಲಕರು ಎಂದು ನಾವು ಭಾವಿಸುತ್ತೇವೆ. ಕಾನೂನಿಗೆ ಹಾಗಲ್ಲ. 18 ತುಂಬಿದ ದಿನವೇ ಅದು ಮುಗಿಯುತ್ತದೆ. ಬ್ಯಾಂಕ್ ಖಾತೆ, ಆಸ್ತಿ, ವಸತಿ ಗೃಹದ ಪ್ರವೇಶ ಎಲ್ಲ ಕಡೆಯೂ ‘ಸಹಿ ಯಾರದು?’ ಎಂದು ಕೇಳುತ್ತಾರೆ. ರಾಷ್ಟ್ರೀಯ ನ್ಯಾಸದ ಕಾಯ್ದೆಯಡಿ ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿ ಈ ಪಾಲಕತ್ವ ಕೊಡುತ್ತದೆ. ತಂದೆತಾಯಿ ಇಬ್ಬರೂ ಗಟ್ಟಿಯಾಗಿರುವಾಗಲೇ ಅರ್ಜಿ ಹಾಕಿ. ಅವರು ಹೋದ ಮೇಲೆ ಅಣ್ಣತಮ್ಮಂದಿರ ನಡುವೆ ‘ನೀನು ನೋಡು, ನಾನು ನೋಡು’ ಎಂಬ ಮಾತು ಶುರುವಾದರೆ ಕಡತ ಮುಂದೆ ಸರಿಯುವುದಿಲ್ಲ. ಜೊತೆಗೇ ‘ನಿರಾಮಯ’ ಆರೋಗ್ಯ ವಿಮೆಗೂ ಅರ್ಜಿ ಹಾಕಿ: ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ರಕ್ಷಣೆ, ಮುಂಚಿತ ವೈದ್ಯಕೀಯ ಪರೀಕ್ಷೆ ಇಲ್ಲ.

ಹಂತ 6: ಸೇರಿಸುವ ಮೊದಲು ನೋಡಿ ಬನ್ನಿ

ಹೇಳದೆ ಹೋಗಿ, ಮಧ್ಯಾಹ್ನದ ಊಟದ ಹೊತ್ತಿಗೆ. ಅಂಗವಿಕಲರ ಮನೆಯಾದರೆ 2016ರ ಕಾಯ್ದೆಯಡಿಯ ನೋಂದಣಿ ಪ್ರಮಾಣಪತ್ರ ತೋರಿಸಲು ಕೇಳಿ. ಅನುದಾನಿತ ಮನೆಯೆಂದು ಹೇಳಿಕೊಂಡು ‘ಠೇವಣಿ’, ‘ದೇಣಿಗೆ’ ಕೇಳಿದರೆ ಕಲ್ಯಾಣಾಧಿಕಾರಿಯ ಪಟ್ಟಿಯಲ್ಲಿ ಆ ಹೆಸರಿದೆಯೇ ಎಂದು ನೋಡಿ. ಶೌಚಾಲಯಕ್ಕೆ ಮೆಟ್ಟಿಲಿದೆಯೇ, ಗೋಡೆಗೆ ಹಿಡಿಕೆಯಿದೆಯೇ, ರಾತ್ರಿ ಯಾರಿರುತ್ತಾರೆ? ನಮ್ಮ ಏಪ್ರಿಲ್–ಮೇ ಬಿಸಿಲಿನಲ್ಲಿ ತಗಡಿನ ಚಾವಣಿಯ ಕೆಳಗೆ ಎಂಬತ್ತರ ಅಜ್ಜ ಉಳಿಯುವುದು ಕಷ್ಟ. ಚಾವಣಿಯನ್ನು ಕತ್ತೆತ್ತಿ ನೋಡಿ, ಟ್ಯಾಂಕಿನಲ್ಲಿ ನೀರಿದೆಯೇ ಎಂದು ನಲ್ಲಿ ತಿರುಗಿಸಿ ನೋಡಿ. ತಟ್ಟೆಯಲ್ಲಿ ಕಡಕ್ ಜೋಳದ ರೊಟ್ಟಿ ಇದ್ದರೆ, ಹಲ್ಲಿಲ್ಲದವರಿಗೆ ಏನು ಕೊಡುತ್ತೀರಿ ಎಂದು ಕೇಳಿ. ‘ನೆನೆಸಿ ಕೊಡುತ್ತೇವೆ, ಅಂಬಲಿ ಮಾಡುತ್ತೇವೆ’ ಎಂಬ ಉತ್ತರ ತಕ್ಷಣ ಬಂದರೆ ಅಲ್ಲಿ ಯಾರೋ ಒಬ್ಬರು ಯೋಚಿಸುತ್ತಿದ್ದಾರೆ ಎಂದರ್ಥ. ನಿಮ್ಮ ಹಿರಿಯರು ಉರ್ದು, ತೆಲುಗು, ಮರಾಠಿ ಅಥವಾ ಲಂಬಾಣಿ ಮಾತಾಡುವವರಾದರೆ ಅದನ್ನು ಬಲ್ಲವರು ಅಲ್ಲಿದ್ದಾರೆಯೇ ಎಂಬುದು ಸಣ್ಣ ವಿಷಯವಲ್ಲ.

ಹಂತ 7: ಸೇರಿದ ಮೇಲೆ

ಪಾಸ್‌ಬುಕ್, ಎ.ಟಿ.ಎಂ. ಕಾರ್ಡ್ ಹಿರಿಯರ ಬಳಿಯೇ ಇರಲಿ. ಸಂಸ್ಥೆಯವರಿಗೆ ಕೊಡಲೇಬೇಕಾದರೆ ಬರೆಸಿಕೊಂಡು ಕೊಡಿ. ಪಗಾರ ಅಂಚೆಯ ಮೂಲಕ ಬರುತ್ತಿದ್ದರೆ ವಿಳಾಸ ಬದಲಿಸಿ, ಇಲ್ಲವಾದರೆ ಅಂಚೆಯವರು ‘ವ್ಯಕ್ತಿ ಇಲ್ಲ’ ಎಂದು ಬರೆದು ಹಿಂದಿರುಗಿಸುತ್ತಾರೆ, ಪಿಂಚಣಿ ನಿಲ್ಲುತ್ತದೆ. ಪಡಿತರ ಚೀಟಿಯಿಂದ ಹೆಸರು ತೆಗೆಸಲು ಅವಸರ ಮಾಡಬೇಡಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುವುದು ಆ ಚೀಟಿಯ ಆಧಾರದಲ್ಲಿಯೇ. ನಿಮ್ಮ ಎರಡು ಮೊಬೈಲ್ ನಂಬರ್‌ಗಳನ್ನು ಸಂಸ್ಥೆಯ ದಾಖಲೆ ಪುಸ್ತಕದಲ್ಲಿ ಬರೆಸಿ, ನಂಬರ್ ಬದಲಾದ ದಿನವೇ ತಿಳಿಸಿ.

ನೋಡಿಕೊಳ್ಳುವಿಕೆ ಸರಿಯಿಲ್ಲ ಎನಿಸಿದರೆ ದಿನಾಂಕ ಹಾಕಿ ಕಲ್ಯಾಣಾಧಿಕಾರಿಗೆ ಬರೆಯಿರಿ, ಪ್ರತಿಯನ್ನು ಜಿಲ್ಲಾಧಿಕಾರಿಗೂ ಕಳುಹಿಸಿ. ಅಂಗವಿಕಲರ ವಿಷಯವಾದರೆ ಬೆಂಗಳೂರಿನ ರಾಜ್ಯ ಅಂಗವಿಕಲರ ಆಯುಕ್ತರಿಗೂ ದೂರು ಕಳುಹಿಸಬಹುದು.